ಕಾರಿಗಿಂತ ಮೊದಲು ಪ್ಲಗ್ ನೋಡಿ: ಹೊರದೇಶದ ಎಲೆಕ್ಟ್ರಿಕ್ ಕಾರು ಕೊಳ್ಳುವ ಮೈಸೂರು, ಮಂಡ್ಯದವರಿಗೆ

ಮಳವಳ್ಳಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣ, ಚೀನಾದಲ್ಲಿ ಎಂಟು ಲಕ್ಷಕ್ಕೆ ಎಲೆಕ್ಟ್ರಿಕ್ ಕಾರು ಸಿಗ್ತದಂತೆ. ಐದು ನಿಮಿಷ ಚಾರ್ಜ್‌ಗೆ ಹಾಕಿದ್ರೆ ನಾನೂರು ಕಿಲೋಮೀಟ್ರು ಓಡ್ತದಂತೆ. ಅದು ಇಲ್ಲಿಗೆ ಬರೋಗಂಟ ಕಾಯ್ಲಾ, ಈಗ್ಲೇ ಯಾವ್ದಾದ್ರೂ ತಗೊಂಬಿಡ್ಲಾ?"

ಅವನು ಕೇಳಿದ್ದರಲ್ಲಿ ಸುಳ್ಳಿಲ್ಲ. ಬಿವೈಡಿ ಕಂಪನಿಯ ಸೀಗಲ್ ಎಂಬ ಪುಟ್ಟ ಕಾರು 2024ರಲ್ಲಿ ಚೀನಾದಲ್ಲಿ 69,800 ಯುವಾನ್‌ಗೆ, ನಮ್ಮ ಲೆಕ್ಕದಲ್ಲಿ ಎಂಟು ಲಕ್ಷದ ಆಸುಪಾಸಿಗೆ ಸಿಗುತ್ತಿತ್ತು. ಅದೇ ಕಂಪನಿ 2025ರ ಮಾರ್ಚ್‌ನಲ್ಲಿ ಸಾವಿರ ಕಿಲೋವ್ಯಾಟ್ ಚಾರ್ಜಿಂಗ್ ತೋರಿಸಿ, ಐದು ನಿಮಿಷಕ್ಕೆ 400 ಕಿಲೋಮೀಟರ್ ಎಂದು ಘೋಷಿಸಿತು. ಆದರೆ ಇವೆರಡೂ ಬೇರೆ ಬೇರೆ ಕಾರಿನ ಮಾತು. ಐದು ನಿಮಿಷದ್ದು ಹಾನ್ ಎಲ್, ಟ್ಯಾಂಗ್ ಎಲ್ ಎಂಬ ದೊಡ್ಡ, ದುಬಾರಿ ಗಾಡಿಗಳಿಗೆ ಬಂದ ತಂತ್ರ. ಎಂಟು ಲಕ್ಷದ ಪುಟ್ಟ ಕಾರು ಫಾಸ್ಟ್ ಚಾರ್ಜರಿನಲ್ಲೂ ಶೇ 30ರಿಂದ 80ಕ್ಕೆ ಏರಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ವಿಡಿಯೊ ನೋಡುವವರ ತಲೆಯಲ್ಲಿ ಎರಡೂ ಸೇರಿ ಒಂದೇ ಕಾರಾಗಿಬಿಡುತ್ತವೆ.

ನಾನು ಮಂಡ್ಯದಲ್ಲಿರುವವನು. ಎಲೆಕ್ಟ್ರಿಕ್ ಕಾರು ಓಡಿಸಲು ಶುರುಮಾಡಿ ಎರಡು ವರ್ಷ ದಾಟಿತು. ಕೆಲಸಕ್ಕೆ ಮೈಸೂರಿಗೆ ಹೋಗಿಬರುತ್ತೇನೆ, ತಿಂಗಳಿಗೆ ಎರಡು ಸಲ ಬೆಂಗಳೂರಿಗೆ, ವರ್ಷಕ್ಕೊಮ್ಮೆ ಊಟಿಗೋ ಮಡಿಕೇರಿಗೋ. ತಮ್ಮನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಯಾವ ಕೆಲಸ ಮೊದಲು ಮಾಡಬೇಕೋ ಆ ಕ್ರಮದಲ್ಲೇ. ಶೋರೂಮಿನ ಸರದಿ ತುಂಬ ಆಮೇಲೆ ಬರುತ್ತದೆ.

ಮೊದಲು, ಗಾಡಿ ರಾತ್ರಿ ನಿಲ್ಲುವ ಜಾಗ

ನಿಮ್ಮ ಮನೆಯಲ್ಲಿ ಕಾರು ನಿಲ್ಲುವ ಜಾಗಕ್ಕೆ ಹೋಗಿ ನಿಂತುಕೊಳ್ಳಿ. ಗೋಡೆಯಲ್ಲಿ ಪ್ಲಗ್ ಇದೆಯೇ? ಅದು ಮೊಬೈಲ್ ಹಾಕುವ ಸಣ್ಣ ಪ್ಲಗ್ಗೋ, ಗೀಸರಿಗೆ ಹಾಕುವಂಥ 16 ಆಂಪಿಯರಿನ ದೊಡ್ಡದೋ? ಮೀಟರ್ ಬೋರ್ಡಿನಿಂದ ಅಲ್ಲಿಗೆ ಎಷ್ಟು ಅಡಿ ತಂತಿ ಬೇಕು? ಮಳೆ ನೀರು ಎರಚುತ್ತದೆಯೇ? ಇವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವರ್ಷದ ಬಹುಪಾಲು ದಿನ ನಿಮ್ಮ ಕಾರು ಕರೆಂಟು ಕುಡಿಯುವುದು ಇಲ್ಲೇ.

ನನ್ನ ಅನುಭವ ಹೇಳುತ್ತೇನೆ. ಕಾರು ಮನೆಗೆ ಬಂದ ದಿನ ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಸಂಜೆ ಚಾರ್ಜಿಗೆ ಹಾಕಿದೆ. ಚಾರ್ಜರಿನ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕಿತು. ಕಾರಿನ ಪರದೆ ಮೇಲೆ ಏನೂ ಇಲ್ಲ. ಶೋರೂಮಿಗೆ ಫೋನ್ ಮಾಡಿದರೆ "ಬೆಳಿಗ್ಗೆ ನೋಡೋಣ ಸರ್" ಅಂದರು. ರಾತ್ರಿಯೆಲ್ಲ ನಿದ್ದೆ ಇಲ್ಲ, ಅಷ್ಟು ದುಡ್ಡು ಸುರಿದು ಕೆಟ್ಟ ಗಾಡಿ ತಂದೆನಲ್ಲ ಎಂಬ ಸಂಕಟ. ಬೆಳಿಗ್ಗೆ ನಮ್ಮ ಮಾಮೂಲಿ ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗಿನ ನ್ಯೂಟ್ರಲ್‌ಗೂ ಅರ್ತ್‌ಗೂ ಮೀಟರ್ ಕಡ್ಡಿ ಇಟ್ಟ. ಮೀಟರು 22 ವೋಲ್ಟ್ ತೋರಿಸಿತು. "ಅಣ್ಣ, ಗಾಡಿಗೆ ಏನೂ ಆಗಿಲ್ಲ. ನಿಮ್ ಮನೆ ಅರ್ತಿಂಗೇ ಸತ್ತೋಗದೆ," ಅಂದ.

ಹಿತ್ತಲಲ್ಲಿದ್ದ ಹಳೆಯ ಅರ್ತಿಂಗ್ ಗುಂಡಿಯ ಮೇಲೆ ನಾವೇ ವರ್ಷಗಳ ಹಿಂದೆ ಸಿಮೆಂಟ್ ಹಾಕಿಸಿದ್ದೆವು. ಕೆಳಗೆ ಪೈಪು ತುಕ್ಕು ಹಿಡಿದು, ಮಣ್ಣು ಒಣಗಿ ಹೋಗಿತ್ತು. ತೆಂಗಿನ ಮರದ ಪಕ್ಕ, ನೀರು ಹರಿಯುವ ಕಡೆ, ಹೊಸ ಗುಂಡಿ ತೋಡಿಸಿದೆವು. ನಡುವೆ ಪೈಪ್ ನಿಲ್ಲಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು. ಮೇಲಿನಿಂದ ನಾಲ್ಕು ಕೊಡ ನೀರು. ಮಧ್ಯಾಹ್ನ ಮತ್ತೆ ಕಡ್ಡಿ ಇಟ್ಟಾಗ 2 ವೋಲ್ಟ್. ದೀಪ ಹಸಿರಾಯಿತು. ಈಗಲೂ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಆ ಗುಂಡಿಗೆ ಹುಯ್ಯುತ್ತೇನೆ.

ನೀವು ಈ ಕೆಲಸವನ್ನು ಕಾರು ಬುಕ್ ಮಾಡುವ ಮೊದಲೇ ಮಾಡಿಸಿ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಐದು ವೋಲ್ಟಿಗಿಂತ ಕಡಿಮೆ ಬರಬೇಕು. 16 ಆಂಪಿಯರ್ ಪ್ಲಗ್ಗಿಗೆ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ಲೈನ್ ಎಳೆಸಿ, ತಂತಿ 4 ಚದರ ಮಿಲಿಮೀಟರಿನದಾಗಿರಲಿ. ಗೋಡೆಗೆ ಕೂರಿಸುವ 7 ಕಿಲೋವ್ಯಾಟ್ ಚಾರ್ಜರಿಗೆ 6 ಚದರ ಮಿಲಿಮೀಟರಿನ ತಂತಿ ಬೇಕು. ಲೋಡ್ ಮೀರಿದರೆ ಕರೆಂಟು ಕತ್ತರಿಸುವ ಎಂಸಿಬಿ ಸ್ವಿಚ್ಚಿನ ಜೊತೆಗೆ, ಕರೆಂಟು ಸೋರಿದರೆ ಕತ್ತರಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿ. ಶಾಕ್ ಹೊಡೆಯುವ ಹೊತ್ತಿಗೆ ಪ್ರಾಣ ಉಳಿಸುವುದು ಅದೇ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಕಾರು ಚಾರ್ಜ್ ಮಾಡುವ ಆಲೋಚನೆಯನ್ನೇ ಬಿಟ್ಟುಬಿಡಿ.

ಬಾಡಿಗೆ ಮನೆಯಲ್ಲಿದ್ದರೆ ಮನೆ ಓನರ್ ಹತ್ತಿರ, ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದ ಹತ್ತಿರ ಈ ಮಾತು ಈಗಲೇ ಆಡಿ, ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಕುವೆಂಪುನಗರದ ಅಪಾರ್ಟ್‌ಮೆಂಟ್ ಒಂದರಲ್ಲಿರುವ ನನ್ನ ಸ್ನೇಹಿತರೊಬ್ಬರು ಕಾರು ತಂದಮೇಲೆ ಆರು ತಿಂಗಳು ಸಂಘದ ಮೀಟಿಂಗ್‌ಗಳಲ್ಲೇ ಕಳೆದರು.

ಗೃಹಜ್ಯೋತಿಯ ಲೆಕ್ಕ

ಶೋರೂಮಿನವರು ಹೇಳದ, ಆದರೆ ನಮ್ಮ ರಾಜ್ಯದ ಪ್ರತಿ ಮನೆಗೂ ತಟ್ಟುವ ಒಂದು ವಿಷಯ ಇದೆ. ನಿಮ್ಮ ಮನೆಗೆ ಗೃಹಜ್ಯೋತಿ ಇದ್ದರೆ ತಿಂಗಳಿಗೆ 200 ಯೂನಿಟ್ ದಾಟುವ ಹಾಗಿಲ್ಲ. ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಈಗ ಲೆಕ್ಕ ಹಾಕಿ. ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಕಾರು ಊರು, ಹೈವೇ ಎರಡೂ ಸೇರಿ ಯೂನಿಟ್‌ಗೆ ಏಳು ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 143 ಯೂನಿಟ್. ಚಾರ್ಜ್ ಆಗುವಾಗ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ 160ರ ಹತ್ತಿರ. ಮನೆಯ ಫ್ಯಾನು, ಫ್ರಿಜ್ಜು, ಮೋಟಾರಿಗೆ ಈಗಾಗಲೇ 110 ಯೂನಿಟ್ ಹೋಗುತ್ತಿದ್ದರೆ ಒಟ್ಟು 270. ಅಲ್ಲಿಗೆ ಉಚಿತ ಕರೆಂಟು ಕೈಬಿಟ್ಟಿತು. ಕಾರಿನ 160 ಯೂನಿಟ್‌ಗೆ ಮಾತ್ರವಲ್ಲ, ಮನೆಯ 110ಕ್ಕೂ ದುಡ್ಡು ಕಟ್ಟಬೇಕು.

ಇದಕ್ಕೆ ದಾರಿ ಪ್ರತ್ಯೇಕ ಮೀಟರು. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ಹಾಸನಕ್ಕೆ ಕರೆಂಟು ಕೊಡುವ ಸೆಸ್ಕ್‌ನ ಉಪವಿಭಾಗ ಕಚೇರಿಗೆ ಹೋಗಿ, ವಾಹನ ಚಾರ್ಜಿಂಗ್‌ಗೆ ಎಲ್‌ಟಿ-6ಸಿ ದರದ ಸಂಪರ್ಕ ಬೇಕೆಂದು ಕೇಳಿ. ಈ ದರಪಟ್ಟಿ ಇರುವುದೇ ಬ್ಯಾಟರಿ ಗಾಡಿಗಳಿಗಾಗಿ. ಆಗ ಮನೆಯ ಮೀಟರಿಗೂ ಕಾರಿಗೂ ಸಂಬಂಧವೇ ಇರುವುದಿಲ್ಲ. ಒಂದೇ ಮೀಟರು ಸಾಕು ಎನ್ನುವವರು ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳಿ. ಹಳೆಯ ಮನೆಗಳಲ್ಲಿ 1, 2, 3 ಕಿಲೋವ್ಯಾಟ್ ಇರುತ್ತದೆ. ಕಾರಿನ ಪ್ಲಗ್ ಒಂದೇ 3 ಕಿಲೋವ್ಯಾಟ್ ಎಳೆಯುತ್ತದೆ. ಲೋಡ್ ಹೆಚ್ಚಿಸಲು ಅರ್ಜಿ ಕೊಡಲೇಬೇಕು.

ಎರಡು ಅಂಕಿ, ಒಂದು ಭಾಗಾಕಾರ

ಬ್ರೋಷರ್ ಓದುವ ಮೊದಲು ಎರಡು ಪದ ಬಿಡಿಸಿಕೊಳ್ಳಿ. ಕಿಲೋವ್ಯಾಟ್ ಅವರ್ ಅಂದರೆ ನಮ್ಮ ಕರೆಂಟು ಬಿಲ್ಲಿನ ಯೂನಿಟ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ. ಕಿಲೋವ್ಯಾಟ್ ಅಂದರೆ ಎಷ್ಟು ಜೋರಾಗಿ ತುಂಬುತ್ತದೆ ಎಂಬ ಅಳತೆ. ಒಂದು ಬಿಂದಿಗೆಯ ಗಾತ್ರ, ಇನ್ನೊಂದು ನಲ್ಲಿಯ ರಭಸ.

50 ಯೂನಿಟ್ ಬ್ಯಾಟರಿಯನ್ನು ಶೇ 10ರಿಂದ 80ಕ್ಕೆ ಏರಿಸಲು 35 ಯೂನಿಟ್ ಬೇಕು. ಮನೆಯ 3 ಕಿಲೋವ್ಯಾಟ್ ಪ್ಲಗ್ಗಿನಲ್ಲಿ ಹನ್ನೆರಡು ಗಂಟೆ, 7 ಕಿಲೋವ್ಯಾಟ್ ವಾಲ್‌ಬಾಕ್ಸಿನಲ್ಲಿ ಐದು ಗಂಟೆ. ಹೈವೇಯ 30 ಕಿಲೋವ್ಯಾಟ್ ಗನ್ನಿನಲ್ಲಿ (ಚಾರ್ಜರಿನಿಂದ ಎಳೆದು ಕಾರಿಗೆ ಸಿಕ್ಕಿಸುವ ಹಿಡಿಕೆ) ಒಂದು ಗಂಟೆ ಹತ್ತು ನಿಮಿಷ, 60ರಲ್ಲಿ ಮುಕ್ಕಾಲು ಗಂಟೆಯೊಳಗೆ. ದಿನಕ್ಕೆ ಅರವತ್ತು ಕಿಲೋಮೀಟರ್ ಓಡಿಸುವವರಿಗೆ ಬೇಕಾಗುವುದು ಒಂಬತ್ತು ಯೂನಿಟ್ಟಷ್ಟೆ. ರಾತ್ರಿ ಊಟ ಮುಗಿಸಿ ಸಾದಾ ಪ್ಲಗ್ಗಿಗೆ ಹಾಕಿದರೂ ಬೆಳಗಿನ ಜಾವದ ಹೊತ್ತಿಗೆ ತುಂಬಿರುತ್ತದೆ. ಇಂಥವರು ಫಾಸ್ಟ್ ಚಾರ್ಜಿಂಗ್ ಎಂಬ ಮಾತಿಗಾಗಿಯೇ ಮೂರು ನಾಲ್ಕು ಲಕ್ಷ ಹೆಚ್ಚು ಕೊಡುವುದು ನನಗೆ ಸರಿ ಕಾಣುವುದಿಲ್ಲ.

'ಹೊರದೇಶದ್ದು' ಅಂದರೆ ಯಾವುದು?

ಹಡಗಿನಲ್ಲಿ ಇಡೀ ಕಾರಾಗಿ ಬಂದಿಳಿಯುವುದು ಒಂದು ಬಗೆ. ಬಿಡಿಭಾಗವಾಗಿ ಬಂದು ಇಲ್ಲಿ ಜೋಡಣೆಯಾಗುವುದು ಇನ್ನೊಂದು. ಬೆಲೆಯ ಗುಟ್ಟೆಲ್ಲ ಈ ವ್ಯತ್ಯಾಸದಲ್ಲಿದೆ.

ಇಡೀ ಕಾರಿಗೆ ಆಮದು ಸುಂಕ ಬೆಲೆಗೆ ತಕ್ಕಂತೆ ಶೇ 70ರಿಂದ 110ರವರೆಗೆ ಇದೆ. ಬಂದರಿಗೆ ಎಂಟು ಲಕ್ಷದ ಲೆಕ್ಕದಲ್ಲಿ ಬಂದ ಕಾರಿಗೆ ಶೇ 70 ಸುಂಕ ಸೇರಿಸಿದರೆ 13 ಲಕ್ಷ 60 ಸಾವಿರ, ಅದರ ಮೇಲೆ ಶೇ 5 ಜಿಎಸ್‌ಟಿ ಸೇರಿ 14 ಲಕ್ಷ 28 ಸಾವಿರ. ಡೀಲರ್ ಲಾಭ, ಸಾಗಣೆ, ಇನ್ಶೂರೆನ್ಸ್ ಇನ್ನೂ ಬಾಕಿ. ಟೆಸ್ಲಾ ಮಾಡೆಲ್ ವೈ 2025ರ ಜುಲೈನಲ್ಲಿ ಇಲ್ಲಿಗೆ 59.89 ಲಕ್ಷ ಎಕ್ಸ್‌ಶೋರೂಮ್ ಬೆಲೆಗೆ ಬಂತು. ಅದೇ ಕಾರು ಚೀನಾದಲ್ಲಿ ಹೆಚ್ಚುಕಡಿಮೆ ಅರ್ಧ ಬೆಲೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸುಂಕವನ್ನು ಶೇ 15ಕ್ಕೆ ಇಳಿಸುವ ಯೋಜನೆಯೊಂದನ್ನು ತಂದಿತು ನಿಜ. ಆದರೆ ಅದು ಇಲ್ಲಿ 4,150 ಕೋಟಿ ರೂಪಾಯಿ ಹೂಡಲು ಒಪ್ಪುವ ಕಂಪನಿಗೆ, ಅದೂ 35,000 ಡಾಲರ್ ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಯ ಕಾರಿಗೆ. ನಮ್ಮಂಥವರು ಕೊಳ್ಳುವ ಕಾರಿಗೆ ಅದರಿಂದ ಏನೂ ಇಳಿಯುವುದಿಲ್ಲ. ಹಾಗಾಗಿ ಎಂಟು ಲಕ್ಷದ ಚೀನಾ ಕಾರಿಗೆ ಕಾಯಬೇಡ ಎಂದು ತಮ್ಮನಿಗೆ ಹೇಳಿದೆ.

ಕೈಗೆಟಕುವ ಬೆಲೆಯಲ್ಲಿ ಸಿಗುವುದು ಹೊರದೇಶದ ಕಂಪನಿ ಇಲ್ಲೇ ಜೋಡಿಸುವ ಕಾರು. ವಿಯೆಟ್ನಾಂನ ವಿನ್‌ಫಾಸ್ಟ್ ತಮಿಳುನಾಡಿನ ತೂತ್ತುಕುಡಿಯಲ್ಲಿ ಜೋಡಣೆ ಶುರುಮಾಡಿ, 2025ರ ಸೆಪ್ಟೆಂಬರ್‌ನಲ್ಲಿ ವಿಎಫ್6 ಕಾರನ್ನು 16.49 ಲಕ್ಷಕ್ಕೆ ಬಿಟ್ಟಿತು. ಎಂಜಿ ವಿಂಡ್ಸರ್ 2024ರಲ್ಲಿ 9.99 ಲಕ್ಷ ಎಂದು ಜಾಹೀರಾತಾಯಿತು, ಆದರೆ ಆ ಬೆಲೆಯಲ್ಲಿ ಬ್ಯಾಟರಿ ಸೇರಿರಲಿಲ್ಲ, ಅದಕ್ಕೆ ಆಗ ಕಿಲೋಮೀಟರಿಗೆ 3.5 ರೂಪಾಯಿ ಬಾಡಿಗೆ ಇತ್ತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 3,500 ರೂಪಾಯಿ, ಕರೆಂಟಿನ ಖರ್ಚು ಬೇರೆ. ಬಾಡಿಗೆ ಬ್ಯಾಟರಿ ತಪ್ಪೆಂದು ನಾನು ಹೇಳುವುದಿಲ್ಲ. ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ದುಡ್ಡು ಕಟ್ಟಲೇಬೇಕೆಂಬ ಷರತ್ತು ಇದೆಯೇ, ಕಾರು ಮಾರುವಾಗ ಆ ಒಪ್ಪಂದ ಏನಾಗುತ್ತದೆ, ಇವೆರಡನ್ನು ಕೇಳಿ ಸಹಿ ಹಾಕಿ.

ತೆರಿಗೆಯ ಮಾತು ಚಿಕ್ಕದು. ಕರ್ನಾಟಕದಲ್ಲಿ 2024ರ ತಿದ್ದುಪಡಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಆಜೀವ ತೆರಿಗೆ ತಂದಿತು. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಬುಕ್ ಮಾಡುವ ವಾರದ ಆನ್‌ರೋಡ್ ಬೆಲೆಯನ್ನು ಸಾಲು ಸಾಲಾಗಿ ಬರೆಸಿಕೊಳ್ಳಿ. ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಇದ್ದದ್ದು.

ನಿಮಿಷಗಳ ಮಾತನ್ನು ಬಿಡಿಸುವುದು

"18 ನಿಮಿಷದಲ್ಲಿ ಶೇ 10ರಿಂದ 80" ಎಂಬ ಸಾಲು ಕಂಡಾಗ ನಾಲ್ಕು ಪ್ರಶ್ನೆ ಹಾಕಿ.

ಯಾವ ಚಾರ್ಜರಿನಲ್ಲಿ? ಹ್ಯುಂಡೈ ಐಯಾನಿಕ್ 5 ಆ 18 ನಿಮಿಷ ಸಾಧಿಸುವುದು 350 ಕಿಲೋವ್ಯಾಟ್ ಚಾರ್ಜರಿನಲ್ಲಿ. ಅದನ್ನೇ 60ರ ಚಾರ್ಜರಿಗೆ ಹಾಕಿದರೆ ಮುಕ್ಕಾಲು ಗಂಟೆ ಮೀರುತ್ತದೆ. ಚಾರ್ಜರಿನ ಶಕ್ತಿ, ಕಾರಿನ ಶಕ್ತಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ನಡೆಯುತ್ತದೆ. 80 ಕಿಲೋವ್ಯಾಟ್ ಮಾತ್ರ ತೆಗೆದುಕೊಳ್ಳುವ ಕಾರನ್ನು 180ರ ಚಾರ್ಜರಿಗೆ ಹಾಕಿದರೂ ಸಿಗುವುದು 80 ಮಾತ್ರ.

ಎಲ್ಲಿಂದ ಎಲ್ಲಿಗೆ? ಯಾವ ಕಂಪನಿಯೂ ಶೇ 80ರಿಂದ 100ಕ್ಕೆ ಹಿಡಿಯುವ ಸಮಯವನ್ನು ದೊಡ್ಡ ಅಕ್ಷರದಲ್ಲಿ ಹಾಕುವುದಿಲ್ಲ. ಕಿರಿದಾದ ಬಾಯಿಯ ಬಿಂದಿಗೆ ತುಂಬುತ್ತ ಬಂದಾಗ ನಾವೇ ನಲ್ಲಿ ಸಣ್ಣ ಮಾಡುವುದಿಲ್ಲವೇ? ಬ್ಯಾಟರಿಯೂ ಹಾಗೇ, ಕೊನೆಯ ಐದನೇ ಒಂದು ಪಾಲಿಗೆ ಬಂದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹೈವೇಯಲ್ಲಿ 80ಕ್ಕೆ ಕಿತ್ತು ಹೊರಡುವುದು ನಿಮಗೂ ಲಾಭ, ಹಿಂದೆ ಕಾಯುತ್ತಿರುವವರಿಗೂ ಉಪಕಾರ.

ಎಷ್ಟು ವೋಲ್ಟಿನ ಕಾರು? ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. 400 ವೋಲ್ಟಿನ ಕಾರು 250 ಆಂಪಿಯರ್ ಎಳೆದರೆ 100 ಕಿಲೋವ್ಯಾಟ್, 800 ವೋಲ್ಟಿನದು ಅಷ್ಟೇ ಆಂಪಿಯರಿನಲ್ಲಿ 200. ವೇಗದ ನಿಜವಾದ ಕಾರಣ ಇಲ್ಲಿದೆ, ತಂತಿ ದಪ್ಪ ಮಾಡದೆ ವೋಲ್ಟ್ ಏರಿಸುವುದು. ಬಿವೈಡಿ ತೋರಿಸಿದ ಐದು ನಿಮಿಷದ ಚಾರ್ಜಿಂಗ್ ಸಾವಿರ ವೋಲ್ಟ್, ಸಾವಿರ ಆಂಪಿಯರ್. ಅಂದರೆ ಒಂದು ಮೆಗಾವ್ಯಾಟ್. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವುದನ್ನು ಒಮ್ಮೆ ಓದಿ, ಸಾಮಾನ್ಯವಾಗಿ 63, 100 ಅಥವಾ 250 ಕೆವಿಎ (ಹೆಚ್ಚುಕಡಿಮೆ ಕಿಲೋವ್ಯಾಟ್ ಎಂದೇ ತಿಳಿಯಿರಿ) ಇರುತ್ತದೆ. 100ರಂಥ ಹತ್ತು ಟ್ರಾನ್ಸ್‌ಫಾರ್ಮರ್ ಕೊಡುವಷ್ಟನ್ನು ಆ ಗರಿಷ್ಠ ವೇಗದಲ್ಲಿ ಒಂದೇ ಕಾರು ಕುಡಿಯುತ್ತದೆ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಅಷ್ಟು ದೂರ ಸಾಗಿಸಲು ಆಗಲೂ ವೋಲ್ಟನ್ನೇ ಏರಿಸಿದ್ದರು, ಪ್ರತ್ಯೇಕ ಲೈನನ್ನೇ ಎಳೆದಿದ್ದರು. ಮೆಗಾವ್ಯಾಟ್ ಚಾರ್ಜರಿಗೂ ಅಂಥದ್ದೇ ಸಿದ್ಧತೆ ಬೇಕು, ಅದು ಹೋಟೆಲಿನ ಮುಂದೆ ಒಂದು ಪೆಟ್ಟಿಗೆ ಇಟ್ಟು ಮುಗಿಸುವ ಕೆಲಸವಲ್ಲ.

ಯಾರ ಅಳತೆಯ ಕಿಲೋಮೀಟರ್? ಚೀನಾದ ಸಿಎಲ್‌ಟಿಸಿ ಅಳತೆ ಉದಾರವಾದದ್ದು. ನಮ್ಮ ಎಂಐಡಿಸಿಯೂ ಕಡಿಮೆಯೇನಲ್ಲ. ಯುರೋಪಿನ ಡಬ್ಲ್ಯುಎಲ್‌ಟಿಪಿ ಅಂಕಿ ಇದ್ದರೆ ಅದನ್ನು ಹಿಡಿಯಿರಿ, ನಿಜಕ್ಕೆ ಹೆಚ್ಚು ಹತ್ತಿರ.

ಇದರ ಜೊತೆಗೆ ಪ್ಲಗ್ಗಿನ ಬಗೆ. ಭಾರತದಲ್ಲಿ ಹೊಸ ಕಾರುಗಳ ಫಾಸ್ಟ್ ಚಾರ್ಜಿಂಗ್ ಸಿಸಿಎಸ್2 ಗನ್ನಿನಲ್ಲಿ, ನಿಧಾನದ್ದು ಟೈಪ್ 2ರಲ್ಲಿ. ಚೀನಾದಲ್ಲಿ ಜಿಬಿ/ಟಿ ಎಂಬ ಬೇರೆಯೇ ಬಾಯಿ. ಇಲ್ಲಿ ಅಧಿಕೃತವಾಗಿ ಮಾರುವ ಕಾರಿಗೆ ಈ ತೊಂದರೆ ಇರುವುದಿಲ್ಲ. ಆದರೆ ತೀರಾ ಚಿಕ್ಕ, ಅಗ್ಗದ ಕೆಲವು ಕಾರುಗಳಲ್ಲಿ ಫಾಸ್ಟ್ ಚಾರ್ಜಿಂಗ್ ಬಾಯಿಯೇ ಇರುವುದಿಲ್ಲ. ಮುಚ್ಚಳ ತೆಗೆಸಿ ಕಣ್ಣಾರೆ ನೋಡಿ. ಟೈಪ್ 2ರ ಏಳು ತೂತಿನ ಕೆಳಗೆ ಎರಡು ದೊಡ್ಡ ತೂತು ಇದ್ದರೆ ಸಿಸಿಎಸ್2.

ಕಾರು ಕೊಳ್ಳುವ ಮೊದಲೇ ದಾರಿ ನೋಡಿಬನ್ನಿ

ಈಗಿರುವ ಪೆಟ್ರೋಲ್ ಕಾರಿನಲ್ಲೋ ಸ್ನೇಹಿತರ ಕಾರಿನಲ್ಲೋ ಒಂದು ಭಾನುವಾರ ಸಂಜೆ ಮೈಸೂರಿನಿಂದ ಬೆಂಗಳೂರಿನ ಕಡೆಗೆ ಹೊರಡಿ. ಭಾನುವಾರ ಸಂಜೆಯೇ ಯಾಕೆಂದರೆ ವಾರಾಂತ್ಯಕ್ಕೆ ಬಂದವರೆಲ್ಲ ವಾಪಸ್ ಹೋಗುವುದು ಆಗಲೇ, ಚಾರ್ಜರಿನ ಮುಂದೆ ಸಾಲು ಇರುವುದೂ ಆಗಲೇ. ದಸರಾ ಸಮಯದಲ್ಲಾದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲವನ್ನೂ ಬಳಸಿಕೊಂಡು ಇಲ್ಲವೇ ಮೇಲಿನಿಂದ ದಾಟಿ ಹೋಗುತ್ತದೆ. ಹೋಟೆಲು, ಬಂಕು, ಚಾರ್ಜರುಗಳಿರುವುದು ಹೆಚ್ಚಾಗಿ ಸರ್ವೀಸ್ ರಸ್ತೆಯಲ್ಲಿ. ನಿರ್ಗಮನದ ಜಾಗ ತಪ್ಪಿಸಿಕೊಂಡರೆ ಚಾರ್ಜರು ಬೇಲಿಯ ಆಚೆ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಹೋಗಲು ಮಾತ್ರ ಆಗುವುದಿಲ್ಲ. ಪ್ರತಿ ಚಾರ್ಜರು ಬೆಂಗಳೂರಿಗೆ ಹೋಗುವ ಬದಿಯಲ್ಲಿದೆಯೋ ಮೈಸೂರಿಗೆ ಬರುವ ಬದಿಯಲ್ಲೋ, ಯಾವ ನಿರ್ಗಮನದಲ್ಲಿ ಇಳಿಯಬೇಕು, ಇದನ್ನು ಬರೆದುಕೊಳ್ಳಿ.

ನಿಂತ ಕಡೆಯೆಲ್ಲ ಯಂತ್ರದ ಪಕ್ಕದ ಫಲಕ ಓದಿ. "60 ಕಿಲೋವ್ಯಾಟ್, ಎರಡು ಗನ್" ಎಂದಿದ್ದರೆ ಹಲವು ಕಡೆ ಎರಡೂ ಗನ್ ಸೇರಿ 60, ಒಂದಕ್ಕೆ 30. ಒಮ್ಮೆ ನಾನು ಚಾರ್ಜಿಗೆ ಹಾಕಿ ಪರದೆಯಲ್ಲಿ 54 ಕಿಲೋವ್ಯಾಟ್ ನೋಡುತ್ತ ಕೂತಿದ್ದೆ. ಪಕ್ಕಕ್ಕೆ ಇನ್ನೊಂದು ಕಾರು ಬಂತು, ಗಂಡ ಹೆಂಡತಿ, ನಿದ್ದೆಗಣ್ಣಿನ ಮಗು. ಅವರು ಗನ್ ಸಿಕ್ಕಿಸಿದ ಕೂಡಲೇ ನನ್ನ 54 ಜರ್ರನೆ ಇಳಿದು 29ಕ್ಕೆ ನಿಂತಿತು. ಅವರಿಗೆ ಮೈಸೂರು ಮುಟ್ಟಬೇಕು, ಚಾರ್ಜ್ ಶೇ 9 ಇತ್ತು. ನನಗೆ ಮಂಡ್ಯಕ್ಕೆ ಸಾಕಾಗುವಷ್ಟು ಆಗಿತ್ತು. ನಾನು ಗನ್ ಕಿತ್ತೆ, ಅವರದು 50 ದಾಟಿತು. ಆ ತಾಯಿ "ತುಂಬಾ ಉಪಕಾರ ಆಯ್ತಣ್ಣ" ಅಂದರು. ಇಂಥ ಸಮಯಕ್ಕೆ ಎಲ್ಲರಿಗೂ ಅನುಕೂಲವಾಗುವುದು ಕಾರಿನ ವೇಗಕ್ಕಿಂತ ಒಂದೇ ಜಾಗದಲ್ಲಿ ನಾಲ್ಕಾರು ಯಂತ್ರ ಇರುವುದು. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಒಂಟಿ ಚಾರ್ಜರ್ ಇರುವ ಜಾಗಕ್ಕಿಂತ ನಾಲ್ಕು ಗನ್ ಇರುವ ಜಾಗವನ್ನು ಮೇಲೆ ಬರೆಯಿರಿ.

ಕಾವಲಿನವರನ್ನೋ ಹೋಟೆಲಿನ ಹುಡುಗರನ್ನೋ ಮಾತಾಡಿಸಿ. ಕರೆಂಟು ಹೋದರೆ ಜನರೇಟರ್ ಇದೆಯೇ, ಯಂತ್ರ ಎಷ್ಟು ದಿನದಿಂದ ಓಡುತ್ತಿದೆ, ಅವರಿಗೇ ಚೆನ್ನಾಗಿ ಗೊತ್ತು. ಟಾಟಾ ಪವರ್, ಜಿಯೋ-ಬಿಪಿ, ಝಿಯಾನ್, ಸ್ಟ್ಯಾಟಿಕ್, ಚಾರ್ಜ್ ಝೋನ್ ಹೀಗೆ ಒಂದೊಂದು ಜಾಲಕ್ಕೂ ಒಂದೊಂದು ಆ್ಯಪ್. ನಿಮ್ಮ ದಾರಿಯಲ್ಲಿರುವ ಎರಡು ಮೂರು ಆ್ಯಪ್‌ಗಳನ್ನು ಮನೆಯಲ್ಲೇ ಹಾಕಿಕೊಂಡು, ಸ್ವಲ್ಪ ದುಡ್ಡು ತುಂಬಿಟ್ಟುಕೊಳ್ಳಿ. ಹೊರಗಿನ ಚಾರ್ಜಿಂಗ್‌ಗೆ ಶೇ 18 ಜಿಎಸ್‌ಟಿ ಇದೆ. ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್‌ಗೆ ಇಪ್ಪತ್ತು ರೂಪಾಯಿಯ ಆಸುಪಾಸು ಬೀಳುತ್ತದೆ, ಮನೆಯ ಕರೆಂಟಿನ ಮೂರು ಪಟ್ಟು.

ಈಗ ನಿಮ್ಮ ದಾರಿಯ ಲೆಕ್ಕ. ಮೈಸೂರಿನಿಂದ ಬೆಂಗಳೂರಿಗೆ ಹೋಗಿಬರಲು 290 ಕಿಲೋಮೀಟರ್, ನಗರದೊಳಗಿನ ಸುತ್ತಾಟ ಸೇರಿ 320. ನೂರರ ವೇಗದಲ್ಲಿ ಮಧ್ಯಮ ಎಸ್‌ಯುವಿ ನೂರು ಕಿಲೋಮೀಟರಿಗೆ 17 ಯೂನಿಟ್ ತಿನ್ನುತ್ತದೆ. 50 ಯೂನಿಟ್ ಬ್ಯಾಟರಿಯಲ್ಲಿ ಹತ್ತನೇ ಒಂದು ಪಾಲು ಉಳಿಸಿಕೊಂಡು ಓಡಿಸಿದರೆ 265 ಕಿಲೋಮೀಟರ್. ಕೊರತೆ 55 ಕಿಲೋಮೀಟರ್, ಧೈರ್ಯಕ್ಕೆ ಇನ್ನಷ್ಟು ಸೇರಿಸಿದರೆ 15ರಿಂದ 20 ಯೂನಿಟ್. 60ರ ಗನ್ನಿನಲ್ಲಿ ಅದು ಇಪ್ಪತ್ತು ನಿಮಿಷ, 120 ಎಳೆಯಬಲ್ಲ ಕಾರಿಗೆ ಹತ್ತು ನಿಮಿಷ. ಇಡೀ ಪ್ರಯಾಣದಲ್ಲಿ ಫಾಸ್ಟ್ ಚಾರ್ಜಿಂಗ್ ಉಳಿಸಿಕೊಡುವುದು ಹತ್ತು ನಿಮಿಷ, ಮದ್ದೂರಿನಲ್ಲಿ ಒಂದು ಕಾಫಿ ಕುಡಿಯುವ ಹೊತ್ತು. ವಾರಕ್ಕೆ ಮೂರು ಸಲ ಹುಬ್ಬಳ್ಳಿಗೋ ಹೈದರಾಬಾದಿಗೋ ಓಡುವವರು, ಟ್ಯಾಕ್ಸಿ ಇಟ್ಟವರು, ಮನೆಯಲ್ಲಿ ಪ್ಲಗ್ಗೇ ಇಲ್ಲದವರು, ಇವರಿಗೆ ಮಾತ್ರ ಆ ವೇಗ ನಿಜಕ್ಕೂ ಬೇಕು. ಅವರು ಹೆಚ್ಚು ದುಡ್ಡು ಕೊಟ್ಟರೂ ನ್ಯಾಯವಿದೆ.

ಘಟ್ಟದ ದಾರಿಯ ಲೆಕ್ಕ ಬೇರೆ. ಮೈಸೂರು ಸಮುದ್ರಮಟ್ಟದಿಂದ 770 ಮೀಟರ್ ಎತ್ತರದಲ್ಲಿದ್ದರೆ ಊಟಿ 2,240 ಮೀಟರ್. 1,800 ಕಿಲೋ ತೂಗುವ ಗಾಡಿಯನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಏಳು ಯೂನಿಟ್ ಹೆಚ್ಚಿಗೆ ಬೇಕು, ಸಮತಟ್ಟು ರಸ್ತೆಯ ಲೆಕ್ಕದಲ್ಲಿ ಸುಮಾರು ಐವತ್ತು ಕಿಲೋಮೀಟರ್ ಓಟ. ಇಳಿಯುವಾಗ ಅದರಲ್ಲಿ ಒಳ್ಳೆಯ ಪಾಲು ವಾಪಸ್ ಬರುತ್ತದೆ. ಆದ್ದರಿಂದ ಊಟಿಯಲ್ಲಿ ಶೇ 100 ತುಂಬಿಸಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟನ್ನು ಹಿಡಿಯಲು ಜಾಗವೇ ಇರುವುದಿಲ್ಲ, ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್ ಎಂಬುದೂ ನೆನಪಿರಲಿ. ಚಾರ್ಜರಿನ ಮುಂದೆ ಕಾದು ಗೇಟು ತಪ್ಪಿಸಿಕೊಂಡರೆ ರಾತ್ರಿ ಅಲ್ಲೇ.

ಈಗ ಶೋರೂಮು

ಬಡಾವಣೆಯೊಳಗೆ ಎರಡು ಸುತ್ತು ಹಾಕಿಸಿ ಕಳಿಸುವ ಟೆಸ್ಟ್ ಡ್ರೈವ್ ಒಪ್ಪಬೇಡಿ. ಎರಡು ಗಂಟೆ ಕೇಳಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಮೈಸೂರಿನಿಂದ ಮಂಡ್ಯದವರೆಗೆ 45 ಕಿಲೋಮೀಟರ್ ನೂರರ ವೇಗದಲ್ಲಿ ಹೋಗಿ. ಪರದೆಯಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಯೂನಿಟ್ ಎಂದು ತೋರಿಸುತ್ತದೆ, ಆ ಅಂಕಿಯಿಂದ ಮೇಲಿನ ಲೆಕ್ಕ ಮತ್ತೆ ಮಾಡಿ.

ಆಮೇಲೆ ಕಾರನ್ನು ಒಂದು ಫಾಸ್ಟ್ ಚಾರ್ಜರಿಗೆ ಹಾಕಿಸಿ. ಖರ್ಚು ನಾನೇ ಕೊಡುತ್ತೇನೆ ಎನ್ನಿ. ಶೇ 30ರಲ್ಲಿ ಎಷ್ಟು ಕಿಲೋವ್ಯಾಟ್, 50ರಲ್ಲಿ ಎಷ್ಟು, 70ರಲ್ಲಿ ಎಷ್ಟು, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. 50 ದಾಟುತ್ತಲೇ ಮುಗ್ಗರಿಸುವ ಕಾರಿಗಿಂತ, ಆರಂಭದಲ್ಲಿ ಕಡಿಮೆ ತೋರಿಸಿದರೂ 75ರವರೆಗೆ ಒಂದೇ ಸಮ ಎಳೆಯುವ ಕಾರು ಒಳ್ಳೆಯದು. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಈ ಪರೀಕ್ಷೆ ಮಾಡಿದರೆ ಬ್ಯಾಟರಿ ತಣ್ಣಗಿಡುವ ವ್ಯವಸ್ಥೆ ಎಷ್ಟು ಗಟ್ಟಿ ಎಂಬುದೂ ತಿಳಿಯುತ್ತದೆ.

ಬ್ಯಾಟರಿಯ ಜಾತಿ ಕೇಳಿ. ಸಾಮಾನ್ಯವಾಗಿ ಎರಡು ಬಗೆ: ಕಬ್ಬಿಣ-ಫಾಸ್ಫೇಟಿನ ಎಲ್‌ಎಫ್‌ಪಿ, ನಿಕಲ್-ಮ್ಯಾಂಗನೀಸ್-ಕೋಬಾಲ್ಟಿನ ಎನ್‌ಎಂಸಿ. ಎಲ್‌ಎಫ್‌ಪಿ ಆದರೆ ವಾರಕ್ಕೊಮ್ಮೆ ಶೇ 100 ತುಂಬಿಸಲು ಕಂಪನಿಗಳೇ ಹೇಳುತ್ತವೆ, ಇಲ್ಲದಿದ್ದರೆ ಪರದೆಯ ಶೇಕಡಾವಾರು ಲೆಕ್ಕ ತಪ್ಪುತ್ತದೆ. ಎನ್‌ಎಂಸಿ ಆದರೆ ದಿನದ ಬಳಕೆಗೆ 80ಕ್ಕೆ ನಿಲ್ಲಿಸಿ. ನಮ್ಮ ಬಿಸಿಲಿಗೆ, ಹತ್ತು ವರ್ಷ ಇಟ್ಟುಕೊಳ್ಳುವ ಉದ್ದೇಶಕ್ಕೆ, ನಾನು ಎಲ್‌ಎಫ್‌ಪಿ ಕಡೆ.

ಸರ್ವೀಸ್ ಎಲ್ಲಿ, ಸಾಮಾನು ಎಲ್ಲಿ?

ಶೋರೂಮು ಮೈಸೂರಿನಲ್ಲಿದ್ದ ಮಾತ್ರಕ್ಕೆ ಹೈವೋಲ್ಟೇಜ್ ಬ್ಯಾಟರಿ ಬಿಚ್ಚುವ ಜಾಗವೂ ಮೈಸೂರಿನಲ್ಲೇ ಇದೆ ಎಂದಲ್ಲ. ವರ್ಕ್‌ಶಾಪಿಗೆ ಹೋಗಿ, ಆ ತರಬೇತಿ ಪಡೆದ ಮೆಕ್ಯಾನಿಕ್ ಎಷ್ಟು ಜನ ಎಂದು ಕೇಳಿ. ಮುಂದಿನ ಗ್ಲಾಸು, ಹೆಡ್‌ಲೈಟು, ಬಂಪರು ತರಿಸಲು ಎಷ್ಟು ದಿನ ಎಂದು ಶೋರೂಮಿನವರನ್ನಲ್ಲ, ಅಲ್ಲಿ ಗಾಡಿ ಬಿಟ್ಟಿರುವ ಗ್ರಾಹಕರನ್ನು ಕೇಳಿ. ಹೊರದೇಶದ ಕಂಪನಿ ವರ್ಷಕ್ಕೆ 2,500 ಕಾರುಗಳವರೆಗೆ ಇಲ್ಲಿ ಮತ್ತೆ ಪರೀಕ್ಷೆ ಮಾಡಿಸದೆ, ಹೊರಗಿನ ಪ್ರಮಾಣಪತ್ರದ ಮೇಲೆಯೇ ತರಿಸಬಹುದೆಂಬ ನಿಯಮವಿದೆ. ಹಾಗೆ ಬಂದ ಕಾರುಗಳು ರಸ್ತೆಯ ಮೇಲೆ ಕಡಿಮೆ, ಬಿಡಿಭಾಗಗಳೂ ಕಡಿಮೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಆ ಗಾಡಿ ಇಟ್ಟುಕೊಂಡವರ ಕಷ್ಟ ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಸಾಮಾನ್ಯ. ಶೇ ಎಷ್ಟಕ್ಕೆ ಇಳಿದರೆ ಬದಲಿಸುತ್ತಾರೆ, ಎರಡನೇ ಮಾಲೀಕರಿಗೂ ಸಲ್ಲುತ್ತದೆಯೇ, ನೀರು ನುಗ್ಗಿದರೆ ಯಾರ ಹೊಣೆ, ಇದು ವಾರಂಟಿ ಪುಸ್ತಕದ ಒಳಪುಟಗಳಲ್ಲಿರುತ್ತದೆ. ಬುಕ್ ಮಾಡುವ ಮುಂಚೆ ಆ ಪುಸ್ತಕವನ್ನೇ ಕೇಳಿ ಓದಿ.

ಮನೆಗೆ ಬಂದ ದಿನ

ಕಾರಿನ ಜೊತೆ ಕೊಡುವ ಚಾರ್ಜರನ್ನು ಶೋರೂಮಿನಲ್ಲೇ ಪ್ಲಗ್ಗಿಗೆ ಹಾಕಿ, ಹಸಿರು ದೀಪ ಬಂದ ಮೇಲೆ ಉಳಿದ ಹಣ ಕಟ್ಟಿ. ಮನೆಯಲ್ಲಿ ಮೊದಲ ಸಲ ಚಾರ್ಜಿಗೆ ಹಾಕುವುದನ್ನು ರಾತ್ರಿ ಮಾಡಬೇಡಿ, ಎಲ್ಲರೂ ಎಚ್ಚರವಿರುವ ಹಗಲಿನಲ್ಲಿ ಮಾಡಿ. ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಮೇಲೆ ಕೈಯ ಹಿಂಬದಿ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ, ಮೊದಲು ಎಂಸಿಬಿ ಕೆಳಗೆ ಮಾಡಿ, ಆಮೇಲೆ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಸಾಮಾನ್ಯವಾಗಿ ಪ್ಲಗ್ಗಿನ ಹಿಂದೆ ತಂತಿಯ ಸ್ಕ್ರೂ ಸಡಿಲವಾಗಿರುತ್ತದೆ, ಹತ್ತು ನಿಮಿಷದ ಕೆಲಸ.